ಅಂಚಿನ ಮೇಲಿದ್ದ ಹೆಸರು

ಸೆಪ್ಟೆಂಬರ್ 24ರ ಬೆಳಿಗ್ಗೆ ಆ ಫೋನ್ ಬಂತು. ಹಿಂದಿನ ರಾತ್ರಿಯಷ್ಟೇ ಹೈಫಾ ಯುದ್ಧದ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆ. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಏರಿ, ಕೈಯಲ್ಲಿ ಭರ್ಜಿ ಹಿಡಿದು, ಮೆಷಿನ್ ಗನ್ನುಗಳ ಎದುರು ನುಗ್ಗಿ ಹೈಫಾ ಪಟ್ಟಣ ಗೆದ್ದ ಕಥೆ ಅದು. ಅವತ್ತು ಸೆರೆ ಸಿಕ್ಕವರು 1,350 ಮಂದಿ. ಅವರಲ್ಲಿ ಬಹುಪಾಲು ತುರ್ಕರು, ಜೊತೆಗೆ ಜರ್ಮನರು. ಇಬ್ಬರು ಜರ್ಮನ್ ಅಧಿಕಾರಿಗಳೂ ಸಿಕ್ಕಿಬಿದ್ದಿದ್ದರು.

ಫೋನ್ ಮಾಡಿದವರು ಕೊಳ್ಳೇಗಾಲದ ಕಡೆಯವರು. ವಯಸ್ಸು ಅರವತ್ತರ ಆಸುಪಾಸು. 'ಸಾ, ರಾತ್ರಿ ನಿಮ್ ಪ್ರೋಗ್ರಾಮ್ ನೋಡ್ದೆ. ನಮ್ ತಾತನೂ ಆ ಯುದ್ಧುಕ್ಕೆ ಹೋಗಿದ್ದೋರು ಕನಾ ಸಾ. ಜರ್ಮನ್ ಆಫೀಸರ್ ಎದೆಯಿಂದ ಕಿತ್ಕೊಂಡು ಬಂದಿದ್ ಪದಕ ನಮ್ಮನೇಲಿ ಅದೆ. ಸ್ವಸ್ತಿಕ್ ಗುರ್ತು ಅದೆ ಸಾ ಅದ್ರ ಮೇಲೆ. ಇಟ್ಲರ್‌ದು ಅಂತಾರೆ.'

ನಿಜ ಹೇಳಿಬಿಡ್ತೀನಿ. ನನ್ನ ಕಿವಿ ನೆಟ್ಟಗಾಯಿತು. ಕೊಳ್ಳೇಗಾಲದಲ್ಲಿ ಹಿಟ್ಲರ್ ಕಾಲದ ಪದಕ! ಇದಕ್ಕಿಂತ ಸುದ್ದಿ ಬೇಕಾ? ನಮ್ಮ ಡೆಸ್ಕ್‌ನ ಹುಡುಗ ಹತ್ತೇ ನಿಮಿಷದಲ್ಲಿ ಬ್ರೇಕಿಂಗ್ ಪಟ್ಟಿಯ ಸಾಲುಗಳನ್ನು ಬರೆದುಕೊಟ್ಟ. ಸಂಜೆ ಏಳಕ್ಕೆ ಹೊಡೆಯೋಣ ಅಂದ. ನಾನೇ ತಡೆದೆ. ಜವಾಬ್ದಾರಿಯಿಂದ ತಡೆದೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತೆ. ಮಾರನೇ ದಿನ ಹೇಗೂ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದೆ. ಕೊಳ್ಳೇಗಾಲ ದಾಟಿ, ಹನೂರಿನ ಮೇಲೇ ಹೋಗಬೇಕು. ಪದಕವನ್ನು ನಾನೇ ಕೈಯಲ್ಲಿ ಹಿಡಿದು ತೋರಿಸಿದರೆ ಇನ್ನೂ ಚೆನ್ನಾಗಿರುತ್ತೆ ಅನ್ನೋ ಆಸೆ ಅಷ್ಟೆ. ಆ ಆಸೆಯೇ ಅವತ್ತು ನನ್ನ ಮರ್ಯಾದೆ ಉಳಿಸಿತು.

ಮನೆ ಊರಿನ ಅಂಚಿನಲ್ಲಿತ್ತು. ಪಕ್ಕದಲ್ಲೇ ಮಗ್ಗದ ಸದ್ದು. ಜಗಲಿ ಮೇಲೆ ಒಂದು ಹಳೇ ಕಬ್ಬಿಣದ ಟ್ರಂಕು ತಂದಿಟ್ಟಿದ್ದರು. ಯಜಮಾನರು, ಅವರ ತಮ್ಮ, ತಮ್ಮನ ಮಗಳು ಪಿಯುಸಿ ಓದೋ ಹುಡುಗಿ, ಒಳಗಿನಿಂದ ಇಣುಕುತ್ತಿದ್ದ ವಯಸ್ಸಾದ ತಾಯಿ. ಯಜಮಾನರು ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಒಂದೇ ಪಟ್ಟಿಗೆ ಸಾಲಾಗಿ ಹೊಲಿದ ಮೂರು ಬಣ್ಣದ ರಿಬ್ಬನ್. ಮೂರರ ತುದಿಯಲ್ಲೂ ಒಂದೊಂದು ಪದಕ. ಅದರ ಮೇಲೆ ಕುಂಕುಮದ ಚುಕ್ಕೆ! ಆ ತಾಯಿ ಆಯುಧಪೂಜೆ ದಿನ ಹಚ್ಚಿದ್ದಂತೆ. ಸ್ವಸ್ತಿಕ ಇದೆ ಅಂದ ಮೇಲೆ ದೇವರದ್ದೇ ಅಲ್ಲವಾ?

ಇಂಥ ಪಟ್ಟಿಗೆ ಮೆಡಲ್ ಬಾರ್ ಅಂತಾರೆ. ಸೈನಿಕ ತನಗೆ ಬಂದ ಪದಕಗಳನ್ನೆಲ್ಲ ಒಂದೇ ಪಟ್ಟಿಗೆ ಹೊಲಿಸಿ, ಮೆರವಣಿಗೆ ದಿನ ಎದೆಗೆ ಸಿಕ್ಕಿಸಿಕೊಳ್ಳೋದು. ದಿನನಿತ್ಯಕ್ಕೆ ಇಷ್ಟು ಭಾರ ಬೇಡ ಅಂತ ಬರೀ ರಿಬ್ಬನ್ ತುಂಡುಗಳನ್ನು ಜೋಡಿಸಿದ ಚಿಕ್ಕ ಪಟ್ಟಿ ಬೇರೆ ಇರುತ್ತೆ, ಅದು ರಿಬ್ಬನ್ ಬಾರ್. ನಮ್ಮ ಪೊಲೀಸ್ ಅಧಿಕಾರಿಗಳ ಜೇಬಿನ ಮೇಲೆ ನೀವು ನೋಡಿರ್ತೀರಲ್ಲ, ಅದೇ ಜಾತಿಯದ್ದು. ಓದಲು ಬಂದವರಿಗೆ ಅದೊಂದು ಜಾತಕ. ಈ ಮನುಷ್ಯ ಯಾವ ಯುದ್ಧಕ್ಕೆ ಹೋಗಿದ್ದ, ಎಷ್ಟು ವರ್ಷ ಸೇವೆ ಮಾಡಿದ, ಯಾವ ರಾಜನ ಸೇವಕನಾಗಿದ್ದ, ಎಲ್ಲವೂ ಬಣ್ಣದಲ್ಲೇ ಇರುತ್ತೆ.

ನನಗೆ ಈ ವಿದ್ಯೆ ಬರೋದಿಲ್ಲ. ಬೆಂಗಳೂರಿನಲ್ಲಿ ನನ್ನ ಪರಿಚಯದವರೊಬ್ಬರು ಮೂವತ್ತು ವರ್ಷದಿಂದ ಪದಕ ಸಂಗ್ರಹಿಸುವವರು. ಅವರಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಪದಕ ನೋಡೋದಕ್ಕಿಂತ ಮೊದಲು ಕೇಳಿದ ಪ್ರಶ್ನೆ ಇದು: 'ಕಥೆ ಏನು ಹೇಳ್ತಾರೆ? ಮೊದಲು ಕಥೆ ಹೇಳಿ.'

ಹೇಳಿದೆ. ತಾತ ಮೊದಲನೇ ಮಹಾಯುದ್ಧದಲ್ಲಿ ಇದ್ದವರು. ಯುದ್ಧ ಮುಗಿದ ಮೇಲೆ ಊರಿಗೆ ಬಂದವರು ಆಮೇಲೆ ಕಾವೇರಿ ದಾಟಿ ದೂರ ಹೋದವರೇ ಅಲ್ಲ. ತಂದ ಪದಕ ಇದು.

'ಈಗ ಪದಕ ತೋರಿಸಿ.'

ಎಡಗಡೆ ಮೊದಲನೆಯದು ಐರನ್ ಕ್ರಾಸ್. ಕಪ್ಪು ಶಿಲುಬೆ, ಬೆಳ್ಳಿ ಬಣ್ಣದ ಅಂಚು. ಪ್ರಶ್ಯದ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ 1813ರ ಮಾರ್ಚ್ 10ರಂದು, ನೆಪೋಲಿಯನ್ ವಿರುದ್ಧದ ಹೋರಾಟದ ಹೊತ್ತಿಗೆ, ಶುರು ಮಾಡಿದ ಪದಕ ಇದು. ಆಗಿನ ದೊಡ್ಡ ವಾಸ್ತುಶಿಲ್ಪಿ ಶಿಂಕೆಲ್ ಅದರ ವಿನ್ಯಾಸ ಮಾಡಿದ. ಚಿನ್ನ ಅಲ್ಲ, ಕಬ್ಬಿಣ. ದೇಶ ಬಡವಾಗಿದೆ, ಹೆಂಗಸರು ತಮ್ಮ ಚಿನ್ನದ ಒಡವೆಗಳನ್ನು ಯುದ್ಧನಿಧಿಗೆ ಕೊಟ್ಟು ಕಬ್ಬಿಣದ ಉಂಗುರ ಹಾಕಿಕೊಂಡ ಕಾಲ ಅದು. ಇನ್ನೊಂದು ವಿಶೇಷ ಅಂದರೆ, ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಅದೇ ಶಿಲುಬೆ. ಮತ್ತೆ 1870ರಲ್ಲಿ, 1914ರಲ್ಲಿ, 1939ರಲ್ಲಿ ಅದನ್ನೇ ಹೊಸ ಇಸವಿ ಹಾಕಿ ಚಾಲ್ತಿಗೆ ತಂದರು. ಮೊದಲನೇ ಮಹಾಯುದ್ಧವೊಂದರಲ್ಲೇ ಎರಡನೇ ದರ್ಜೆಯ ಐರನ್ ಕ್ರಾಸ್ ಪಡೆದವರು ಸುಮಾರು 50 ಲಕ್ಷ ಜನ. ನಮ್ಮ ಮುಂದೆ ಇದ್ದದ್ದರ ಮೇಲೆ 1914 ಅಂತ ಇತ್ತು. ಯಜಮಾನರ ಮುಖ ಅರಳಿತು.

'ಎರಡನೆಯದು?' ಅಂದರು ಫೋನಿನಲ್ಲಿದ್ದವರು. ಅದೂ ಶಿಲುಬೆಯೇ, ಕಪ್ಪು ಬಣ್ಣ, ನಡುವೆ 1914–1918 ಅನ್ನೋ ಇಸವಿ. ಅದನ್ನು ನೋಡಿ ಅವರು ನಕ್ಕುಬಿಟ್ಟರು.

ಯಾಕೆ ಗೊತ್ತಾ? ಅದರ ಹೆಸರು ಹಿಂಡನ್‌ಬರ್ಗ್ ಕ್ರಾಸ್. ಮೇಲೆ ಬರೆದಿರೋದು 1914–1918 ಆದರೂ ಅದನ್ನು ಹುಟ್ಟುಹಾಕಿದ್ದು 1934ರ ಜುಲೈ 13ರಂದು! ಯುದ್ಧ ಮುಗಿದು ಹದಿನಾರು ವರ್ಷವಾದ ಮೇಲೆ, ಬದುಕುಳಿದ ಸೈನಿಕರಿಗೆ ನೆನಪಿಗೆ ಅಂತ ಕೊಟ್ಟಿದ್ದು. ಮೂರನೆಯದರ ಮೇಲಂತೂ ಸ್ವಸ್ತಿಕ ಹೊತ್ತ ಹದ್ದು ಇತ್ತು. ಅದು ಹಿಟ್ಲರನ ಸೇನೆಯ ದೀರ್ಘ ಸೇವಾ ಪದಕ, 1936ರಲ್ಲಿ ಬಂದಿದ್ದು. ಯುದ್ಧ ಮುಗಿಯುತ್ತಲೇ ಊರಿಗೆ ಬಂದ ತಾತ, 1936ರ ಪದಕವನ್ನು ಯಾವ ಜರ್ಮನ್ ಅಧಿಕಾರಿಯ ಎದೆಯಿಂದ ಕಿತ್ತರು?

ನೋಡಿ, ಭೂತಗನ್ನಡಿ ಬೇಕಾಗಲಿಲ್ಲ, ಪ್ರಯೋಗಾಲಯ ಬೇಕಾಗಲಿಲ್ಲ. ಕಥೆಯಲ್ಲಿರೋ ತಾರೀಖನ್ನು ಪದಕದ ತಾರೀಖಿನ ಪಕ್ಕ ಇಟ್ಟರೆ ಸಾಕಾಯಿತು. ಪದಕ ಅಸಲಿಯೋ ನಕಲಿಯೋ ಆಮೇಲಿನ ಮಾತು. ಕಥೆ ಮಾತ್ರ ಸುಳ್ಳು ಅಂತ ಅಲ್ಲೇ ತೀರ್ಮಾನ ಆಗಿಹೋಯಿತು. ನಮ್ಮ ಬ್ರೇಕಿಂಗ್ ಪಟ್ಟಿಯೂ ಅಲ್ಲೇ ಸತ್ತಿತು.

ಅವರು ಇನ್ನೂ ಒಂದು ತೋರಿಸಿದರು. ಹಿಂಡನ್‌ಬರ್ಗ್ ಕ್ರಾಸ್‌ನಲ್ಲಿ ಮೂರು ಬಗೆ. ರಣರಂಗದಲ್ಲಿ ಹೋರಾಡಿದವರಿಗೆ ಕತ್ತಿಗಳಿರುವ ಕಂಚಿನದು. ಯುದ್ಧಸೇವೆ ಮಾಡಿದ ಉಳಿದವರಿಗೆ ಕತ್ತಿ ಇಲ್ಲದ ಕಂಚಿನದು. ಸತ್ತವರ ಹೆಂಡತಿಗೆ ಅಥವಾ ತಂದೆ-ತಾಯಿಗೆ ಕಪ್ಪು ಬಣ್ಣದ್ದು. ನಮ್ಮ ಪಟ್ಟಿಯಲ್ಲಿ ಇದ್ದದ್ದು ಕಪ್ಪು! ಅಂದರೆ ಈ ಪಟ್ಟಿಯ ಒಡೆಯ ತಾನೇ ಯುದ್ಧ ಮಾಡಿ ಐರನ್ ಕ್ರಾಸ್ ಗೆದ್ದವನೂ ಹೌದು, ಯುದ್ಧದಲ್ಲಿ ಸತ್ತವನ ವಿಧವೆಯೂ ಹೌದು. ಮಗನನ್ನು ಕಳೆದುಕೊಂಡ ಸೈನಿಕ ತಂದೆಗಳು ಇದ್ದಿರಬಹುದು, ಇಲ್ಲ ಅನ್ನೋದಿಲ್ಲ. ಆದರೆ ಹಾಗೆ ಜೋಡಿಸಿದ ಪಟ್ಟಿ ಕಂಡರೆ ಸಂಗ್ರಾಹಕರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಜರ್ಮನ್ ಪದಕಗಳಿಗೆ ಜಗತ್ತಿನ ತುಂಬ ಗಿರಾಕಿ ಇದ್ದಾರೆ. ಅಷ್ಟೇ ನಕಲಿಗಳೂ ಇವೆ. ಕಾರಣ ಏನು? ಸಾಮಾನ್ಯ ಜರ್ಮನ್ ಪದಕದ ಮೇಲೆ ಪಡೆದವನ ಹೆಸರು ಇರೋದಿಲ್ಲ. ಹೆಸರು ಇರುತ್ತಿದ್ದದ್ದು ಬೇರೆ ಕಾಗದದ ಮೇಲೆ, ಅವನ ಸನ್ನದಿನಲ್ಲಿ, ಸೈನ್ಯದ ಪಾಸ್ ಪುಸ್ತಕದಲ್ಲಿ. ಕಾಗದ ಹೋಯಿತು ಅಂದರೆ ಪದಕ ಅನಾಥ. ಇನ್ನು ಮೆಡಲ್ ಬಾರನ್ನು ಹೊಲಿದುಕೊಡುತ್ತಿದ್ದವರು ಸರ್ಕಾರದವರಲ್ಲ, ಖಾಸಗಿ ಅಂಗಡಿಯವರು. ಹಾಗಾಗಿ ಒಂದೊಂದು ಊರಲ್ಲಿ ಒಂದೊಂದು ರೀತಿಯ ಹೊಲಿಗೆ, ಮಡಿಕೆ.

ಇದರಿಂದ ಮೋಸಗಾರನಿಗೆ ಎಷ್ಟು ಅನುಕೂಲ ನೋಡಿ. ಮೂರು ಅಸಲಿ ಪದಕ, ಒಂದಿಷ್ಟು ಅಸಲಿ ಹಳೇ ರಿಬ್ಬನ್ ಕೊಂಡು, ನಿನ್ನೆ ರಾತ್ರಿ ಕೂತು ಒಂದೇ ಪಟ್ಟಿಗೆ ಹೊಲಿದುಬಿಟ್ಟರೆ? ಪ್ರತಿ ತುಂಡೂ ನಿಜ, ಒಟ್ಟು ಮಾತ್ರ ಸುಳ್ಳು. ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ, ಅವನ ಎದೆಯ ಪದಕ ಮಾತ್ರ ಇದೆ! ಹಿಡಿಯೋಕೆ ಅತ್ಯಂತ ಕಷ್ಟ ಇಂಥದ್ದನ್ನೇ ಅಂತೆ. ಟಿವಿಯಲ್ಲಿ ಕೆಲಸ ಮಾಡುವ ನನಗೆ ಅದು ಚೆನ್ನಾಗಿ ಅರ್ಥ ಆಯಿತು. ನಿಜವಾದ ನಾಲ್ಕು ದೃಶ್ಯಗಳನ್ನು ಬೇಕಾದ ಹಾಗೆ ಜೋಡಿಸಿ ಸುಳ್ಳು ಹೇಳೋದು ನಮ್ಮ ಕಸುಬಿನಲ್ಲೂ ಇದೆ.

ಹಾಗಾದರೆ ಹಿಡಿಯೋದು ಹೇಗೆ? ಮೊದಲು ತಾರೀಖು. ಆಮೇಲೆ ಸಾಲು. ಯಾವ ಪದಕ ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ನಿಯಮ ಇತ್ತು. ಆಗಿನ ಜರ್ಮನಿಯೊಳಗೆ ಪ್ರಶ್ಯ, ಬವೇರಿಯ, ಸ್ಯಾಕ್ಸನಿ ಅಂತ ಬೇರೆ ಬೇರೆ ರಾಜ್ಯಗಳು, ಬೇರೆ ಬೇರೆ ಪದಕಗಳು. ಸಾಲು ತಪ್ಪಿದ್ದರೆ ಅನುಮಾನ ಪಡಬೇಕು. ಮೂರನೆಯದು ಲೋಹ. ಒಳ್ಳೇ ಐರನ್ ಕ್ರಾಸ್ ಅಂದರೆ ಸಾಮಾನ್ಯವಾಗಿ ಕಪ್ಪು ಬಳಿದ ಕಬ್ಬಿಣದ ತಿರುಳು, ಅದರ ಎರಡೂ ಕಡೆ ಬೆಳ್ಳಿಯ ಚೌಕಟ್ಟು ಕೂರಿಸಿ ಬೆಸೆದದ್ದು. ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತೆ, ಆಯಸ್ಕಾಂತ ಹಿಡಿಯುತ್ತೆ. ಅಗ್ಗದ ನಕಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಾಗಂತ ಆಯಸ್ಕಾಂತ ಹಿಡಿದ ಮಾತ್ರಕ್ಕೆ ಅಸಲಿ ಅಲ್ಲ, ನಕಲಿ ಮಾಡುವವರಿಗೂ ಕಬ್ಬಿಣ ಸಿಗುತ್ತೆ. ನಾಲ್ಕನೆಯದು ಹೊಲಿಗೆ. ಆಗಿನ ಕಾಲದ ಪಟ್ಟಿಯನ್ನು ಸೂಜಿ ದಾರದಲ್ಲಿ ಹೊಲಿಯುತ್ತಿದ್ದರು, ಹಿಂದೆ ಉಣ್ಣೆ ಬಟ್ಟೆ ಹೊದಿಸುತ್ತಿದ್ದರು. ನಾನು ನಮ್ಮ ಪಟ್ಟಿಯನ್ನು ತಿರುಗಿಸಿದೆ. ಬಟ್ಟೆಯ ಅಂಚಿನಿಂದ ಪ್ಲಾಸ್ಟಿಕ್ ಗೋಂದು ಇಣುಕುತ್ತಿತ್ತು. ಮಕ್ಕಳು ಸ್ಕೂಲ್ ಪ್ರಾಜೆಕ್ಟಿಗೆ ಗನ್‌ನಿಂದ ಹಾಕ್ತಾರಲ್ಲ, ಅದೇ ಗೋಂದು.

ಕೊನೆಯದು ರಿಬ್ಬನ್. ಕತ್ತಲಲ್ಲಿ ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್ ಹಾಕಿದರೆ ಈಗಿನ ಕಾಲದ ದಾರ ಫಳಫಳ ಹೊಳೆಯುತ್ತೆ. ಹೊಳಪಿನ ಆ ರಾಸಾಯನಿಕ ದಾರಕ್ಕೂ ಬಟ್ಟೆಗೂ ವ್ಯಾಪಕವಾಗಿ ಬಂದಿದ್ದು ಎರಡನೇ ಮಹಾಯುದ್ಧದ ನಂತರ. ಆದರೆ ಹಳೇ ರಿಬ್ಬನನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆದರೆ ಅದೂ ಹೊಳೆಯುತ್ತೆ. ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ.

ಅಷ್ಟರಲ್ಲಿ ಪಕ್ಕದ ಮಗ್ಗದ ಸದ್ದು ನಿಂತಿತ್ತು. ಮಗ್ಗದ ಯಜಮಾನರು, ವಯಸ್ಸಾದವರು, ಜಗಲಿ ಹತ್ತಿರ ಬಂದು ನಿಂತಿದ್ದರು. 'ಎಲ್ಲಿ ಕೊಡಿ ಸಾಮಿ ವಸಿ' ಅಂದವರೇ ರಿಬ್ಬನಿನ ಬಿಟ್ಟುಹೋದ ಅಂಚಿನಿಂದ ಒಂದು ಎಳೆ ಕಿತ್ತರು. ಬೆಂಕಿಪೊಟ್ಟಣ ಕೇಳಿದರು.

ಕೊಳ್ಳೇಗಾಲದ ರೇಷ್ಮೆ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟ್ ಬಟ್ಟೆಗೆ ಬೇಡಿಕೆ ಬಂದಿದ್ದು ಈ ಸೀಮೆಯ ರೇಷ್ಮೆಗೆ. ಇಲ್ಲಿನ ನೇಕಾರರಿಗೆ ಅಸಲಿ ರೇಷ್ಮೆ ಯಾವುದು, ಬೆರಕೆ ಯಾವುದು, ಟೆಸ್ಟೆಡ್ ಜರಿ ಯಾವುದು, ಹಾಫ್ ಫೈನ್ ಯಾವುದು ಅಂತ ಬೆರಳ ತುದಿಗೇ ಗೊತ್ತು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಹಿಸುಕಿದರೆ ಪುಡಿ. ಹತ್ತಿ ಸುಟ್ಟರೆ ಕಾಗದದ ವಾಸನೆ. ಪಾಲಿಯೆಸ್ಟರ್ ಆದರೆ ಸುಡೋದಿಲ್ಲ, ಕರಗಿ ಗಟ್ಟಿ ಮಣಿ ಕಟ್ಟುತ್ತೆ.

ಆ ಎಳೆ ಮಣಿ ಕಟ್ಟಿತು.

'ಪಾಲಿಸ್ಟ್ರು' ಅಂದರು ಅವರು. ಅಷ್ಟೇ. ಹಳೇ ಜರ್ಮನ್ ರಿಬ್ಬನ್ ರೇಷ್ಮೆಯದ್ದೂ ಇತ್ತು, ಹತ್ತಿಯದ್ದೂ ಇತ್ತು, ಕೃತಕ ರೇಷ್ಮೆ ರೇಯಾನ್‌ದೂ ಇತ್ತು. ಪಾಲಿಯೆಸ್ಟರ್ ಮಾತ್ರ ಇರೋಕೆ ಸಾಧ್ಯವೇ ಇಲ್ಲ. ಅದನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದಿದ್ದೇ 1941ರಲ್ಲಿ. ಮಾರುಕಟ್ಟೆಗೆ ಬಂದಿದ್ದು ಯುದ್ಧ ಮುಗಿದ ಮೇಲೆ.

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ತಲೆ ಎತ್ತದೆ ಹೇಳಿದರು. 'ಅದು ತಾತನ ಟ್ರಂಕ್‌ನಲ್ಲಿ ಇರ್ನಿಲ್ಲ ಅಣ್ಣ. ನಾನೇ ಇಟ್ಟಿದ್ದು.'

ಬೋರು ಎರಡು ಸಲ ಕೈಕೊಟ್ಟಿತ್ತು. ಸಾಲ ಇತ್ತು. ಜರ್ಮನ್ ಪದಕಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ಮೊಬೈಲಿನಲ್ಲಿ ನೋಡಿದ್ದರು. ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ಇಪ್ಪತ್ತೆರಡು ಸಾವಿರ ಕೊಟ್ಟು ಆ ಪಟ್ಟಿ ಕೊಂಡಿದ್ದರು. ತಾತ ಯುದ್ಧಕ್ಕೆ ಹೋಗಿದ್ದು ಊರಿಗೇ ಗೊತ್ತಿದ್ದ ಸಂಗತಿ. ತಾತನ ಕಥೆ ಜೊತೆ ಸೇರಿಸಿದರೆ, ಟಿವಿಯಲ್ಲಿ ಬಂದುಬಿಟ್ಟರೆ, ಬೆಲೆ ಏರುತ್ತೆ ಅಂದುಕೊಂಡಿದ್ದರು. ನನಗೆ ಫೋನ್ ಮಾಡೋಕೆ ಅಣ್ಣನಿಗೆ ಹೇಳಿಕೊಟ್ಟವರೂ ಅವರೇ. ಅಣ್ಣ ಪಾಪ ನಿಜ ಅಂತಲೇ ನಂಬಿದ್ದರು.

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರೋಕೆ ನನಗೆ ಹಕ್ಕೂ ಇರಲಿಲ್ಲ. ಸುಳ್ಳಿಗೆ ಬೆಲೆ ಬರೋದು ಟಿವಿಯಿಂದ ಅಂತ ಅವರಿಗೆ ಗೊತ್ತಿತ್ತು. ಅದನ್ನು ಅವರು ಕಲಿತಿದ್ದು ನಮ್ಮನ್ನು ನೋಡಿಯೇ ಅಲ್ಲವೇ?

ಅಲ್ಲಿಗೆ ಕಥೆ ಮುಗೀತಾ? ಇಲ್ಲ. ಅಸಲಿ ಕಥೆ ಅಲ್ಲಿಂದ ಶುರುವಾಯಿತು.

'ಹಂಗಾದ್ರೆ ತಾತಂದು ಅಂತ ಏನೂ ಇಲ್ವಾ?' ಅಂತ ನಾನೇ ಕೇಳಿದೆ. ತಾಯಿ ಒಳಗಿನಿಂದಲೇ ಹೇಳಿದರು. 'ಒಂದು ಬೆಳ್ಳಿ ಬಿಲ್ಲೆ ಅದೆ. ರಾಜನ ತಲೆ ಇರೋದು.' ಪೂಜೆ ಸಾಮಾನಿನ ಡಬ್ಬಿಯಿಂದ ಅದನ್ನು ತಂದುಕೊಟ್ಟರು. ರಿಬ್ಬನ್ ಇರಲಿಲ್ಲ. ಕಪ್ಪಗಾಗಿತ್ತು. ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಕಡೆ ಬೆತ್ತಲೆ ಕುದುರೆ ಸವಾರ, ಎಡಬಲಕ್ಕೆ 1914 ಮತ್ತು 1918.

ಫೋನಿನಲ್ಲಿದ್ದವರ ದನಿಯೇ ಬದಲಾಯಿತು. 'ಅದನ್ನ ಉಜ್ಜಬೇಡಿ. ಕುದುರೆ ಕಾಲ ಕೆಳಗೆ ಏನಿದೆ ನೋಡಿ.'

ನೋಡಿದೆ. ಕುದುರೆಯ ಗೊರಸಿನ ಕೆಳಗೆ ಹದ್ದಿನ ಗುರುತಿನ ಗುರಾಣಿ. ಶತ್ರುಪಕ್ಷದ, ಅಂದರೆ ಜರ್ಮನಿ ಕಡೆಯವರ ಹದ್ದು. ತಾತ ಯಾವ ಜರ್ಮನ್ನನ ಎದೆಯಿಂದಲೂ ಏನನ್ನೂ ಕೀಳಬೇಕಾಗಿರಲಿಲ್ಲ. ಜರ್ಮನ್ ಹದ್ದು ಅವರ ಪದಕದಲ್ಲೇ ಇತ್ತು, ಕುದುರೆಯ ಕಾಲ ಕೆಳಗೆ!

ಇದು ಬ್ರಿಟಿಷ್ ವಾರ್ ಮೆಡಲ್. 1919ರಲ್ಲಿ ಶುರುವಾಗಿದ್ದು. ಬೆಳ್ಳಿಯದ್ದು, ಅಡ್ಡಳತೆ 36 ಮಿಲಿಮೀಟರ್. ಸಾಮ್ರಾಜ್ಯದ ಎಲ್ಲ ದೇಶಗಳ ಸೈನಿಕರಿಗೂ ಸೇರಿ ಸುಮಾರು 65 ಲಕ್ಷ ಬೆಳ್ಳಿ ಪದಕ ಕೊಟ್ಟರು. ಇಷ್ಟೊಂದು ಇರುವುದರಿಂದ ಪೇಟೆಯಲ್ಲಿ ಇದಕ್ಕೆ ಅಂಥ ಬೆಲೆ ಇಲ್ಲ. ಆದರೆ ಜರ್ಮನ್ ಪದಕಕ್ಕೆ ಇಲ್ಲದ ಒಂದು ವಸ್ತು ಇದಕ್ಕಿದೆ. 'ಅಂಚು ನೋಡಿ' ಅಂದರು ಅವರು.

ನಾಣ್ಯದ ಅಂಚು ಇರುತ್ತಲ್ಲ, ಆ ದಪ್ಪದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದ್ದರು. ಪಿಯುಸಿ ಹುಡುಗಿ ಮೊಬೈಲಿನ ಕ್ಯಾಮೆರಾ ದೊಡ್ಡದು ಮಾಡಿಕೊಂಡು ಒಂದೊಂದೇ ಅಕ್ಷರ ಓದಿದಳು. ಮೊದಲು ಒಂದು ಸಂಖ್ಯೆ. ಆಮೇಲೆ ದರ್ಜೆ, ಸ್ಯಾಪರ್. ಆಮೇಲೆ ಒಂದು ಹೆಸರು. ಕೊನೆಗೆ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯ ಗುರುತು. ಹೆಸರನ್ನು ಇಂಗ್ಲಿಷಿನವನು ತನ್ನ ಕಿವಿಗೆ ಕೇಳಿದ ಹಾಗೆ ಬರೆದಿದ್ದ. ಹುಡುಗಿ ಎರಡು ಸಲ ತಪ್ಪಾಗಿ ಓದಿದಳು. ಮೂರನೇ ಸಲ ಜೋರಾಗಿ ಓದಿದಾಗ ಒಳಗಿದ್ದ ತಾಯಿ ಸೆರಗು ಬಾಯಿಗೆ ಹಿಡಿದುಕೊಂಡರು. ಅದು ಮಾದಪ್ಪನ ಹೆಸರು. ಆ ಸೀಮೆಯಲ್ಲಿ ಮನೆಗೊಬ್ಬರಿಗೆ ಇರುವ ಹೆಸರು. ಪೂರ್ತಿ ಹೆಸರನ್ನು ನಾನಿಲ್ಲಿ ಬರೆಯೋದಿಲ್ಲ, ಅದು ಆ ಮನೆಯ ಸ್ವತ್ತು. ಆ ತಾಯಿ ಸೊಸೆಯಾಗಿ ಬಂದಾಗಿನಿಂದ ಮಾವನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಮೊಮ್ಮಗಳ ಬಾಯಲ್ಲಿ ಕೇಳಿದ್ದು ಅವತ್ತೇ.

ಕೊಳ್ಳೇಗಾಲದವರು ಮದ್ರಾಸ್ ಪಡೆ ಸೇರಿದ್ದು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಇದು ಮರೆತುಹೋದ ಇತಿಹಾಸ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ನಮ್ಮ ರಾಜ್ಯದಲ್ಲಿ ಇರಲಿಲ್ಲ. ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಎರಡು ಊರಿನ ನಡುವೆ ದೂರ ಎಷ್ಟು? ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಆದರೆ ಯಳಂದೂರಿನವನು ಸೈನ್ಯ ಸೇರಬೇಕು ಅಂದರೆ ಅವನ ದೊರೆ ಮೈಸೂರು ಮಹಾರಾಜ, ಕೊಳ್ಳೇಗಾಲದವನಿಗೆ ಮದ್ರಾಸ್ ಸರ್ಕಾರ. ಒಂದೇ ಸಂತೆಗೆ ಬರುವ, ಒಂದೇ ಬೆಟ್ಟಕ್ಕೆ ಹರಕೆ ಹೊರುವ ಜನ ಎರಡು ಬೇರೆ ಸೈನ್ಯಗಳಿಗೆ ಸೇರಿದವರಾಗಿದ್ದರು.

ಯುದ್ಧ ಮುಗಿದ ಮೇಲೆ ಇಬ್ಬರಿಗೂ ಬಂದಿದ್ದು ಅದೇ ಬೆಳ್ಳಿ ಬಿಲ್ಲೆ. ವ್ಯತ್ಯಾಸ ಅಂಚಿನ ಮೇಲೆ ಒತ್ತಿದ ಪಡೆಯ ಹೆಸರಿನಲ್ಲಿ ಮಾತ್ರ. ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಗೆದ್ದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಈಗಿನ ಇರಾಕ್ ಆಗಿರುವ ಮೆಸಪೊಟೇಮಿಯದಲ್ಲಿ ಸೇತುವೆ, ರಸ್ತೆ, ಕಂದಕ ಅಂತ ಬೆವರು ಸುರಿಸಿದರು. ಹೈಫಾದ ಕುದುರೆ ಸವಾರರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ, ದೆಹಲಿಯಲ್ಲಿ ತೀನ್ ಮೂರ್ತಿ ಇದೆ. ಸಲಿಕೆ ಹಿಡಿದು ಕೆಲಸ ಮಾಡಿದ ಸ್ಯಾಪರನ ಹೆಸರನ್ನು ಟಿವಿಯಲ್ಲಿ ನಾನೂ ಯಾವತ್ತೂ ಹೇಳಿರಲಿಲ್ಲ. ಆ ಯುದ್ಧಕ್ಕೆ ಭಾರತದಿಂದ ಸಮುದ್ರ ದಾಟಿದವರು ಸುಮಾರು 13 ಲಕ್ಷ. ವಾಪಸ್ ಬಾರದವರು 70 ಸಾವಿರಕ್ಕೂ ಹೆಚ್ಚು.

ಇನ್ನೊಂದು ವಿಚಿತ್ರ ಕೇಳಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಯುದ್ಧ ಪದಕಗಳ ಮೇಲೆ ಹೆಸರು ಒತ್ತಲಿಲ್ಲ. ಭಾರತೀಯ ಸೇನೆಯವರ ಪದಕಗಳಿಗೆ ಆಗಲೂ ಹೆಸರು ಒತ್ತಿಕೊಟ್ಟರು. ಅಂದರೆ ಹೆಸರಿನ ವಿಷಯದಲ್ಲಿ ನಮ್ಮವರ ಪದಕಗಳು ಜಗತ್ತಿನ ಎಷ್ಟೋ ಪದಕಗಳಿಗಿಂತ ಶ್ರೀಮಂತ. ಹೆಸರಿಲ್ಲದ ಜರ್ಮನ್ ಪದಕ ಯಾರದು ಅಂತ ಹುಡುಕೋಕೆ ಜನ ಜೀವಮಾನ ಸವೆಸುತ್ತಾರೆ. ರಿಬ್ಬನಿನ ಬಣ್ಣ, ಸಾಲು, ಹೊಲಿಗೆ ನೋಡಿ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳುತ್ತಾರೆ. ನಮ್ಮಲ್ಲಿ ಊಹಿಸುವ ಕೆಲಸವೇ ಇಲ್ಲ, ಹೆಸರು ಅಲ್ಲೇ ಇದೆ. ನಾವು ಮಾಡಿದ್ದೇನು?

ಕರಗಿಸಿದೆವು.

ತಾಯಿ ಹೇಳಿದರು. ಇದರ ಜೊತೆ ಹಿತ್ತಾಳೆ ಥರದ ಇನ್ನೊಂದು ಇತ್ತಂತೆ. ರೆಕ್ಕೆ ಇರುವ ಹೆಂಗಸಿನ ಚಿತ್ರ. ಅದು ಕಂಚಿನ ವಿಕ್ಟರಿ ಮೆಡಲ್. ಯಾವಾಗಲೋ ಪಾತ್ರೆಯವನಿಗೆ ಹೋಯಿತು. ತಾತನ ಜೊತೆಯೇ ಯುದ್ಧಕ್ಕೆ ಹೋಗಿದ್ದ ದಾಯಾದಿಯೊಬ್ಬರ ಬೆಳ್ಳಿ ಬಿಲ್ಲೆಯನ್ನು ಮಗುವಿನ ಉಡಿದಾರ ಮಾಡಿಸಿದರಂತೆ. ಅವರ ಹೆಸರೂ ಆ ಅಂಚಿನ ಮೇಲೆ ಇದ್ದಿರಲೇಬೇಕು. ಉಡಿದಾರ ಮಾಡಿಸಿದ್ದು ತಪ್ಪು ಅಂತ ನಾನು ಹೇಳೋಲ್ಲ. ಮನೆಯಲ್ಲಿ ಮಗು ಹುಟ್ಟಿದೆ, ಬೆಳ್ಳಿ ಬೇಕು, ಇಂಗ್ಲಿಷ್ ಓದೋಕೆ ಬರೋದಿಲ್ಲ. ಇಂಗ್ಲೆಂಡಿನಲ್ಲೇ 1980ರ ಜನವರಿಯಲ್ಲಿ ಬೆಳ್ಳಿ ಬೆಲೆ ಆಕಾಶಕ್ಕೆ ಹಾರಿದಾಗ ಇಂಥ ಪದಕಗಳು ಲೆಕ್ಕವಿಲ್ಲದಷ್ಟು ಕುಲುಮೆಗೆ ಬಿದ್ದವು. ಓದು ಬಂದವರೂ ಅದನ್ನೇ ಮಾಡಿದರು.

ಆದರೆ ನಮಗೆ ಈ ಮರೆವು ಹೊಸದಲ್ಲ. ಸತ್ತ ವೀರನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದ ನಾಡು ಇದು. ವೀರಗಲ್ಲುಗಳಲ್ಲಿ ಅವನು ಯಾರು, ಯಾವ ಊರಿನವನು, ಯಾವ ಹಸುಗಳನ್ನು ಬಿಡಿಸಲು ಹೋಗಿ ಸತ್ತ ಅಂತ ಬರೆದಿರುತ್ತಿತ್ತು. ಅದೇ ಕಲ್ಲುಗಳನ್ನು ಮಕಾಡೆ ಮಲಗಿಸಿ ಬಟ್ಟೆ ಒಗೆದವರೂ ನಾವೇ. ಪದಕ ನಮ್ಮ ಮನೆಯೊಳಗಿನ ಚಿಕ್ಕ ವೀರಗಲ್ಲು, ಅಷ್ಟೆ.

ಅವತ್ತು ಗೊತ್ತಾದ ಇನ್ನೊಂದು ಮಾತನ್ನು ಹೇಳಲೇಬೇಕು. ತಮ್ಮನ ಹತ್ತಿರ ಆಗಲೇ ಒಬ್ಬ ಗಿರಾಕಿ ಫೋನಿನಲ್ಲಿ ವ್ಯವಹಾರ ಕುದುರಿಸುತ್ತಿದ್ದ. ಜರ್ಮನ್ ಪಟ್ಟಿಗೆ ಚೌಕಾಸಿ ಮಾಡುತ್ತಾ, 'ಆ ಬೆಳ್ಳಿ ಬಿಲ್ಲೆನೂ ಇರಲಿ, ಜೊತೆಗೆ ಹಾಕಿಬಿಡಿ' ಅಂದಿದ್ದನಂತೆ. ತಮ್ಮನೂ ಹೂಂ ಅಂದಿದ್ದರು. ಯಾಕೆ ಕೇಳಿದ ಅಂತ ಈಗ ನಿಮಗೆ ಅರ್ಥ ಆಗಿರಬೇಕು. ಸುಳ್ಳು ಪಟ್ಟಿಗೆ ನಿಜವಾದ ಒಬ್ಬ ಸೈನಿಕನ ಹೆಸರು ಅಂಟಿಸೋಕೆ. ಇನ್ನೊಂದು ವಾರ ಕಳೆದಿದ್ದರೆ ತಾತನ ಹೆಸರು ಯಾವುದೋ ನಕಲಿ ಪದಕಕ್ಕೆ ಸಾಕ್ಷಿ ಹೇಳುತ್ತಾ ಊರೂರು ತಿರುಗುತ್ತಿತ್ತು. ನಾನು ಸಂಜೆ ಏಳಕ್ಕೆ ಆ ಬ್ರೇಕಿಂಗ್ ಹೊಡೆದಿದ್ದರೆ? ಸಾಕ್ಷಿ ನಾನೇ ಆಗುತ್ತಿದ್ದೆ.

ನಿಮ್ಮ ಮನೆಯಲ್ಲೂ ಹಳೇ ಟ್ರಂಕ್ ಇರಬಹುದು. ಅಜ್ಜಿಯ ಡಬ್ಬಿ ಇರಬಹುದು. ಅದರೊಳಗೆ ರಾಜನ ತಲೆ ಇರುವ ಬಿಲ್ಲೆ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದಷ್ಟೂ ಅಂಚಿನ ಅಕ್ಷರ ಸವೆಯುತ್ತೆ. ಮೊದಲು ಅಂಚಿನ ಫೋಟೋ ತೆಗೆಯಿರಿ. ಸಂಖ್ಯೆ, ದರ್ಜೆ, ಹೆಸರು, ಪಡೆ, ನಾಲ್ಕನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅದರ ಜೊತೆಯೇ ಇಡಿ. ಯಾರ ಅಪ್ಪ, ಯಾರ ತಾತ ಅಂತ ಮನೆಯ ಹಿರಿಯರನ್ನು ಕೇಳಿ ಬರೆಯಿರಿ, ಅವರು ಇರುವಾಗಲೇ ಕೇಳಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ನೆನಪಿರಲಿ. ಫೋನಿನಲ್ಲಿ ಲಕ್ಷ ಕೊಡ್ತೀನಿ ಅನ್ನೋನು ಅದನ್ನು ನಿಮಗೆ ಹೇಳೋದಿಲ್ಲ.

ಆ ಮನೆಯಿಂದ ಹೊರಡುವ ಹೊತ್ತಿಗೆ ಹುಡುಗಿ ಕೇಳಿದಳು. 'ಸರ್, ಮುತ್ತಾತನ ಮೆಡಲ್‌ಗೆ ರಿಬ್ಬನ್ ಯಾವ ಬಣ್ಣ ಇತ್ತು?' ಫೋನಿನಲ್ಲಿದ್ದವರು ಹೇಳಿದರು. ನಡುವೆ ಅಗಲವಾಗಿ ಕಿತ್ತಳೆ, ಅದರ ಎರಡೂ ಕಡೆ ಬಿಳಿ, ಕಪ್ಪು, ಕೊನೆಯಲ್ಲಿ ನೀಲಿ. ಅಗಲ ಒಂದೂಕಾಲು ಇಂಚು. ಮಗ್ಗದ ಯಜಮಾನರು ಬೆರಳಲ್ಲಿ ಅಳತೆ ಹಿಡಿದು ನೋಡಿ, 'ನೇಯ್ಕೊಡ್ತೀನಿ ಬುಡು ಮಗ, ಅಸಲಿ ರೇಷ್ಮೇಲೇ' ಅಂದರು.

ನನಗೆ ಒಂದು ಅನುಮಾನ ಬಂತು. ಹಳೇ ಪದಕಕ್ಕೆ ಹೊಸ ರಿಬ್ಬನ್ ಹಾಕಿದರೆ ಅದೂ ನಕಲಿಯೇ ಅಲ್ಲವಾ? ಫೋನಿನಲ್ಲಿ ಕೇಳಿದೆ. ಅವರು ಕೊಟ್ಟ ಉತ್ತರ ನಮ್ಮ ನ್ಯೂಸ್ ರೂಮಿಗೂ ಸಲ್ಲುತ್ತೆ. 'ಹಾಕಲಿ, ತಪ್ಪೇನಿಲ್ಲ. ಆದರೆ ಇದು ಈ ವರ್ಷ ನೇಯ್ದ ರಿಬ್ಬನ್ ಅಂತ ಒಂದು ಚೀಟಿ ಬರೆದು ಜೊತೆಗಿಡಲಿ. ರಿಪೇರಿಗೂ ಮೋಸಕ್ಕೂ ಇರೋ ವ್ಯತ್ಯಾಸ ಆ ಚೀಟಿ ಒಂದೇ.'

ಬೆಟ್ಟದಿಂದ ಇಳಿದು ಬರುವಾಗ ಮತ್ತೆ ಅಲ್ಲಿ ನಿಲ್ಲಿಸಲಿಲ್ಲ. ತಿಂಗಳಾದ ಮೇಲೆ ಹುಡುಗಿ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಗೋಡೆಯ ಮೇಲೆ ಗಾಜಿನ ಚೌಕಟ್ಟು. ಒಳಗೆ ಕಪ್ಪಗಾದ ಬೆಳ್ಳಿ ಬಿಲ್ಲೆ, ಮೇಲೆ ಹೊಸ ರೇಷ್ಮೆ ರಿಬ್ಬನ್. ಅದರ ಕೆಳಗೆ ದುಂಡು ಅಕ್ಷರದಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ ಮುತ್ತಾತನ ಸಂಖ್ಯೆ, ಹೆಸರು, ಪಡೆ. ಎರಡನೆಯ ಸಾಲು: ರಿಬ್ಬನ್ ಹೊಸದು, ಕೊಳ್ಳೇಗಾಲದಲ್ಲಿ ನೇಯ್ದದ್ದು.